ಹಗುರ ಕಾರು, ಬಿಗಿಯಾದ ಲೆಕ್ಕ: ಟ್ರ್ಯಾಕ್ ಡೇಗಳಿಗಾಗಿ ಲೋಟಸ್ ಎಲೀಸ್ ಕಾರಿನ ನಿರ್ವಹಣೆ ಮತ್ತು ಹೊಂದಾಣಿಕೆ

ಕಾರೊಂದನ್ನು ವೇಗವಾಗಿ ಓಡಿಸಲು ವಾಹನ ತಂತ್ರಜ್ಞಾನದಲ್ಲಿ ಎರಡು ಮಾರ್ಗಗಳಿವೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದು ಒಂದು. ಕಾರಿನ ತೂಕವನ್ನು ಇಳಿಸುವುದು ಇನ್ನೊಂದು. ಶಕ್ತಿ ಹೆಚ್ಚಿದರೆ ಅದರ ಪ್ರಯೋಜನ ಮುಖ್ಯವಾಗಿ ನೇರ ರಸ್ತೆಯಲ್ಲಿ ದೊರೆಯುತ್ತದೆ. ತೂಕ ಇಳಿದರೆ ವೇಗ ಏರಿಸುವಾಗ, ವೇಗ ತಗ್ಗಿಸುವಾಗ ಮತ್ತು ತಿರುವಿನಲ್ಲಿ ಸಾಗುವಾಗ, ಹೀಗೆ ಮೂರೂ ಸಂದರ್ಭಗಳಲ್ಲಿ ಪ್ರಯೋಜನವುಂಟು. ಇದರ ಜೊತೆಗೆ ಟೈರು, ಬ್ರೇಕು, ಇಂಧನಗಳ ಖರ್ಚೂ ಇಳಿಯುತ್ತದೆ. ಹಗುರ ಕಾರು ತನ್ನ ಮಾಲೀಕನಿಗೆ ಪ್ರತಿ ಸುತ್ತಿನಲ್ಲೂ ಹಣ ಉಳಿಸಿಕೊಡುತ್ತದೆ.

ಆದರೆ ಈ ಉಳಿತಾಯಕ್ಕೆ ಒಂದು ಷರತ್ತಿದೆ. ಹಗುರ ಕಾರಿನ ಪ್ರತಿಯೊಂದು ಭಾಗವೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಬಲವುಳ್ಳದ್ದಾಗಿರುತ್ತದೆ. ಹೆಚ್ಚುವರಿ ಲೋಹವೆಂಬ ಮೀಸಲು ನಿಧಿ ಅದರಲ್ಲಿ ಇರುವುದಿಲ್ಲ. ಆ ಮೀಸಲಿನ ಸ್ಥಾನವನ್ನು ಕಾಲಕಾಲಕ್ಕೆ ನಡೆಸುವ ತಪಾಸಣೆ, ಅಳತೆ ಮತ್ತು ದಾಖಲೆಗಳೇ ತುಂಬಬೇಕು. ಇಂಗ್ಲೆಂಡಿನ ಲೋಟಸ್ ಎಲೀಸ್ ಕಾರನ್ನು ಮಾದರಿಯಾಗಿಟ್ಟುಕೊಂಡು ಈ ವಿಷಯವನ್ನು ತಾಂತ್ರಿಕ ಹಾಗೂ ಆರ್ಥಿಕ ದೃಷ್ಟಿಗಳೆರಡರಿಂದಲೂ ಇಲ್ಲಿ ಪರಿಶೀಲಿಸಲಾಗಿದೆ.

ಟ್ರ್ಯಾಕ್ ಡೇ ಎಂದರೇನು?

ಸಾರ್ವಜನಿಕರು ತಮ್ಮ ಸ್ವಂತ ಕಾರುಗಳನ್ನು ನಿಗದಿತ ಶುಲ್ಕ ತೆತ್ತು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಅವಕಾಶ ನೀಡುವ ದಿನವೇ ಟ್ರ್ಯಾಕ್ ಡೇ. ಇದು ಸ್ಪರ್ಧೆಯಲ್ಲ. ಸುತ್ತಿನ ಸಮಯ ಅಳೆಯುವುದನ್ನು ಸಾಮಾನ್ಯವಾಗಿ ನಿಷೇಧಿಸಲಾಗಿರುತ್ತದೆ. ಮುಂದಿರುವ ಚಾಲಕ ಸಮ್ಮತಿ ಸೂಚಿಸಿದ ನಂತರವೇ ಹಿಂದಿನವನು ಮುಂದೆ ಸಾಗಬೇಕು. ದಿನದ ಆರಂಭದಲ್ಲಿ ಸುರಕ್ಷತಾ ಸೂಚನೆ, ಶಬ್ದ ಪರೀಕ್ಷೆ ಹಾಗೂ ನಿಧಾನ ಗತಿಯ ಪರಿಚಯ ಸುತ್ತುಗಳು ಇರುತ್ತವೆ.

ಬ್ರಿಟನ್ನಿನಲ್ಲಿ ಈ ಚಟುವಟಿಕೆ ಬೆಳೆಯಲು ಐತಿಹಾಸಿಕ ಕಾರಣವೊಂದಿದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಅನೇಕ ವಿಮಾನ ನೆಲೆಗಳು ನಿರುಪಯುಕ್ತವಾದವು. ಅವುಗಳ ರನ್‌ವೇ ಮತ್ತು ಸುತ್ತುರಸ್ತೆಗಳೇ ಮುಂದೆ ರೇಸ್ ಟ್ರ್ಯಾಕ್‌ಗಳಾದವು. ಸಿಲ್ವರ್‌ಸ್ಟೋನ್, ಸ್ನೆಟರ್ಟನ್, ಥ್ರಕ್ಸ್‌ಟನ್, ಗುಡ್‌ವುಡ್ ಎಲ್ಲವೂ ಈ ಬಗೆಯವೇ. ಲೋಟಸ್ ಕಾರ್ಖಾನೆಯೂ 1966ರಲ್ಲಿ ನಾರ್ಫಕ್ ಪ್ರಾಂತ್ಯದ ಹೆಥೆಲ್ ಎಂಬಲ್ಲಿನ ಹಳೆಯ ವಿಮಾನ ನೆಲೆಗೆ ಸ್ಥಳಾಂತರಗೊಂಡಿತು. ಅದೇ ಪ್ರಾಂತ್ಯದಲ್ಲಿರುವ ಸ್ನೆಟರ್ಟನ್ ಟ್ರ್ಯಾಕಿನ ಉದ್ದ 2011ರ ವಿಸ್ತರಣೆಯ ನಂತರ ಸುಮಾರು 4.8 ಕಿ.ಮೀ. ರೇಸ್ ಇಲ್ಲದ ದಿನಗಳಲ್ಲಿ ಖಾಲಿ ಉಳಿಯುವ ಆಸ್ತಿಯಿಂದ ಆದಾಯ ಪಡೆಯುವ ವಿಧಾನವಾಗಿ ಟ್ರ್ಯಾಕ್ ಡೇಗಳು ಮಾಲೀಕರಿಗೆ ಒದಗಿಬಂದವು. ಬ್ರ್ಯಾಂಡ್ಸ್ ಹ್ಯಾಚ್, ಔಲ್ಟನ್ ಪಾರ್ಕ್, ಕ್ಯಾಡ್‌ವೆಲ್ ಪಾರ್ಕ್ ಹಾಗೂ ಸ್ನೆಟರ್ಟನ್ ಟ್ರ್ಯಾಕ್‌ಗಳನ್ನು 2004ರಲ್ಲಿ ಖರೀದಿಸಿದ, ಮಾಜಿ ಫಾರ್ಮುಲಾ ಒನ್ ಚಾಲಕ ಜೊನಾಥನ್ ಪಾಮರ್ ಅವರ ಸಂಸ್ಥೆಯೂ ಟ್ರ್ಯಾಕ್ ಡೇಗಳನ್ನು ನಡೆಸುತ್ತಿದೆ.

ಹಗುರತನದ ಹಿನ್ನೆಲೆ

ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ ತೂಕ ಕಡಿತವನ್ನೇ ವಿನ್ಯಾಸದ ತಳಹದಿಯನ್ನಾಗಿ ಮಾಡಿಕೊಂಡವರು. 1957ರಲ್ಲಿ ಹೊರಬಂದ ಅವರ 'ಲೋಟಸ್ ಸೆವೆನ್' ಕಾರಿಗೆ ಬಾಗಿಲುಗಳಿಲ್ಲ, ಛಾವಣಿ ಹೆಸರಿಗೆ ಮಾತ್ರ. ಅದನ್ನು ಬಿಡಿಭಾಗಗಳ ರೂಪದಲ್ಲಿಯೂ ಮಾರಲಾಗುತ್ತಿತ್ತು. ಖರೀದಿಸಿದವನು ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕು. ಇದರ ಹಿಂದೆ ತೆರಿಗೆಯ ಲೆಕ್ಕಾಚಾರವಿತ್ತು. ಅಂದಿನ ಬ್ರಿಟನ್ನಿನ ಖರೀದಿ ತೆರಿಗೆ ಸಿದ್ಧ ಕಾರುಗಳಿಗೆ ಅನ್ವಯಿಸುತ್ತಿತ್ತು, ಮನೆಯಲ್ಲಿ ಜೋಡಿಸುವ ಬಿಡಿಭಾಗಗಳ ಕಾರಿಗೆ ಅನ್ವಯಿಸುತ್ತಿರಲಿಲ್ಲ. 1973ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದು ಈ ಅನುಕೂಲ ಇಲ್ಲವಾಯಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಗ್ರಹಾಂ ನಿಯರ್ನ್ ಅವರ ಕೇಟರ್‌ಹ್ಯಾಮ್ ಸಂಸ್ಥೆಗೆ ಹಸ್ತಾಂತರವಾಯಿತು. ಅದರ ಉತ್ತರಾಧಿಕಾರಿಯಾದ ಕೇಟರ್‌ಹ್ಯಾಮ್ ಸೆವೆನ್ ಇಂದಿಗೂ ತಯಾರಾಗುತ್ತಿದೆ. 2021ರಲ್ಲಿ ಬಂದ ಅದರ 660 ಸಿ.ಸಿ. ಸುಜುಕಿ ಎಂಜಿನ್ನಿನ ಮಾದರಿಯ ತೂಕ ಕೇವಲ 440 ಕಿ.ಗ್ರಾಂ.

ಲೋಟಸ್ ಎಲೀಸ್ 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅನಾವರಣಗೊಂಡು 1996ರಲ್ಲಿ ಮಾರುಕಟ್ಟೆಗೆ ಬಂದಿತು. ಅಂದಿನ ಅಧ್ಯಕ್ಷ ರೊಮಾನೊ ಆರ್ಟಿಯೋಲಿ ಅವರ ಮೊಮ್ಮಗಳು ಎಲಿಸಾಳ ಹೆಸರನ್ನೇ ಕಾರಿಗೆ ಇಡಲಾಯಿತು. ರಿಚರ್ಡ್ ರ‍್ಯಾಕಮ್ ವಿನ್ಯಾಸಗೊಳಿಸಿದ ಅದರ ಚಾಸಿ, ಅಚ್ಚಿನ ಮೂಲಕ ಒತ್ತಿ ಹೊರತೆಗೆದ ಅಲ್ಯುಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸಿದ ರಚನೆ. ಈ ಚಾಸಿಯ ತೂಕ 68 ಕಿ.ಗ್ರಾಂ. ಮಾತ್ರ. 1,796 ಸಿ.ಸಿ.ಯ ರೋವರ್ 'ಕೆ-ಸೀರೀಸ್' ಎಂಜಿನ್ ಕೊಡುತ್ತಿದ್ದುದು 118 ಅಶ್ವಶಕ್ತಿ. ಸಾಧಾರಣವೆನಿಸುವ ಈ ಶಕ್ತಿ ಸುಮಾರು 725 ಕಿ.ಗ್ರಾಂ. ತೂಕದ ಕಾರಿಗೆ ಧಾರಾಳವಾಗಿ ಸಾಕಾಗಿತ್ತು. ಪವರ್ ಸ್ಟಿಯರಿಂಗ್ ಇರಲಿಲ್ಲ. ಬ್ರೇಕಿಗೆ ಸರ್ವೋ ನೆರವೂ ಇರಲಿಲ್ಲ. 2004ರಿಂದ ಟೊಯೊಟಾ ಎಂಜಿನ್ನಿನ ಮಾದರಿಗಳು ಬಂದವು. 35 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದ ಬಳಿಕ 2021ರಲ್ಲಿ ಉತ್ಪಾದನೆ ನಿಂತಿತು.

ತೂಕ ಮತ್ತು ವೆಚ್ಚದ ಸಂಬಂಧ

ಹಗುರತನದಿಂದ ಖರ್ಚು ಹೇಗೆ ಇಳಿಯುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಚಾಲಕನನ್ನೂ ಸೇರಿಸಿ 800 ಕಿ.ಗ್ರಾಂ. ತೂಗುವ ಎಲೀಸ್, ನೇರ ರಸ್ತೆಯ ಕೊನೆಯಲ್ಲಿ ಗಂಟೆಗೆ 180 ಕಿ.ಮೀ. ವೇಗದಿಂದ 80 ಕಿ.ಮೀ. ವೇಗಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಅದು ಕಳೆದುಕೊಳ್ಳುವ ಚಲನಶಕ್ತಿ ಸುಮಾರು 8 ಲಕ್ಷ ಜೂಲ್. ಇದರ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಪರಿವರ್ತನೆಯಾಗುತ್ತದೆ. ಇಷ್ಟು ಶಾಖದಿಂದ ಸುಮಾರು 2.4 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಬಹುದು. ಸುತ್ತಿಗೆ ಇಂತಹ 5 ಬ್ರೇಕಿಂಗ್‌ಗಳಂತೆ 6 ಸುತ್ತು ಓಡಿದರೆ 72 ಲೀಟರ್ ನೀರನ್ನು ಕುದಿಸುವಷ್ಟು ಶಾಖ ನಾಲ್ಕು ಡಿಸ್ಕುಗಳ ಮೂಲಕ ಗಾಳಿಗೆ ಹೋಗಬೇಕು. ಚಾಲಕನೂ ಸೇರಿ 1,600 ಕಿ.ಗ್ರಾಂ. ತೂಗುವ ಕಾರಾದರೆ ಈ ಅಂಕಿಗಳೆಲ್ಲ ಇಮ್ಮಡಿಯಾಗುತ್ತವೆ. ಅದರ ಡಿಸ್ಕು, ಪ್ಯಾಡು, ಟೈರುಗಳು ದೊಡ್ಡವಿರಬೇಕು. ಬೆಲೆಯೂ ಹೆಚ್ಚು, ಸವೆತವೂ ಹೆಚ್ಚು.

ಖರ್ಚನ್ನು ವಿಂಗಡಿಸುವಾಗ ಲೆಕ್ಕಶಾಸ್ತ್ರದ ಪರಿಚಿತ ಕ್ರಮವನ್ನೇ ಅನುಸರಿಸಬಹುದು. ಕಾರಿನ ಬೆಲೆ, ವಾಸದ ಜಾಗ, ವಾರ್ಷಿಕ ತಪಾಸಣೆ ಇವು ಸ್ಥಿರ ವೆಚ್ಚಗಳು. ಇಂಧನ, ಟೈರು, ಪ್ಯಾಡು, ಎಣ್ಣೆ ಇವು ಸುತ್ತುಗಳ ಸಂಖ್ಯೆಗೆ ತಕ್ಕಂತೆ ಏರುವ ಚಲ ವೆಚ್ಚಗಳು. ಆದರೆ ಕೆಲವು ಭಾಗಗಳಿಗೆ ಆಯುಷ್ಯ ಎರಡು ಬಗೆಯದು. ಟೈರು ಓಟದಿಂದಲೂ ಸವೆಯುತ್ತದೆ, ವಯಸ್ಸಿನಿಂದಲೂ ಗಟ್ಟಿಯಾಗುತ್ತದೆ. ರೋವರ್ ಎಂಜಿನ್ನಿನ ಟೈಮಿಂಗ್ ಬೆಲ್ಟಿಗೆ ಕಿಲೋಮೀಟರಿನ ಮಿತಿಯೂ ಉಂಟು, ವರ್ಷಗಳ ಮಿತಿಯೂ ಉಂಟು. ಬ್ರೇಕ್ ದ್ರವ ಕಾರು ನಿಂತಿದ್ದರೂ ಹಾಳಾಗುತ್ತದೆ. ಇಂತಹ ಭಾಗಗಳಲ್ಲಿ ಎರಡು ಮಿತಿಗಳ ಪೈಕಿ ಮೊದಲು ಮುಗಿಯುವುದನ್ನೇ ಆಯುಷ್ಯವೆಂದು ಪರಿಗಣಿಸಬೇಕು. ವರ್ಷಕ್ಕೆ ಒಂದೇ ದಿನ ಟ್ರ್ಯಾಕಿಗೆ ಹೋಗುವವನ ಪ್ರತಿ ಸುತ್ತಿನ ಖರ್ಚು, ಹತ್ತು ದಿನ ಹೋಗುವವನ ಖರ್ಚಿಗಿಂತ ಬಹಳ ಹೆಚ್ಚಾಗುವುದು ಈ ಕಾರಣದಿಂದಲೇ.

ನಮ್ಮ ಕಂಪನಿಗಳ ಕಾಯ್ದೆ 2013ರ 2ನೇ ಅನುಸೂಚಿಯು, ಬೆಲೆಯಲ್ಲಿ ಗಣನೀಯವಾಗಿದ್ದು ಆಯುಷ್ಯ ಬೇರೆಯಾಗಿರುವ ಭಾಗಗಳಿಗೆ ಪ್ರತ್ಯೇಕ ಸವಕಳಿ ಲೆಕ್ಕ ಹಾಕಬೇಕೆನ್ನುತ್ತದೆ. ಟ್ರ್ಯಾಕ್ ಕಾರಿಗೆ ಈ ಘಟಕವಾರು ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಇಡೀ ಕಾರಿಗೆ ಒಂದೇ ಸವಕಳಿ ಹಾಕಿದರೆ, ಯಾವ ಭಾಗ ಯಾವಾಗ ಬದಲಾಗಬೇಕೆಂಬ ಮಾಹಿತಿಯೇ ಮರೆಯಾಗುತ್ತದೆ.

ನಿರ್ವಹಣೆ: ಎಲ್ಲಿ ನೋಡಬೇಕು?

ಮೊದಲ ಗಮನ ಬ್ರೇಕ್ ದ್ರವಕ್ಕೆ ಸಲ್ಲಬೇಕು. ಸಾಮಾನ್ಯ ಬಳಕೆಯ ಗ್ಲೈಕಾಲ್ ಆಧಾರಿತ ದ್ರವ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ದ್ರವ ಕುದ್ದರೆ ಆವಿಯ ಗುಳ್ಳೆಗಳು ಉಂಟಾಗುತ್ತವೆ. ದ್ರವವನ್ನು ಸಂಕುಚಿಸಲಾಗದು, ಆವಿಯನ್ನು ಸಂಕುಚಿಸಬಹುದು. ಆದುದರಿಂದ ಪೆಡಲ್ ನೆಲಕ್ಕೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ರಸ್ತೆಯಲ್ಲಿ ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡದ ಹಳೆಯ ದ್ರವ ಟ್ರ್ಯಾಕಿನಲ್ಲಿ ಕೆಲವೇ ಸುತ್ತುಗಳಲ್ಲಿ ಕೈಕೊಡಬಹುದು. 300 ಡಿಗ್ರಿಗೂ ಮೇಲಿನ ಕುದಿಬಿಂದುವುಳ್ಳ ರೇಸಿಂಗ್ ದ್ರವಗಳು ದೊರೆಯುತ್ತವೆ. ಆದರೆ ಅವನ್ನು ಬೇಗ ಬೇಗ ಬದಲಾಯಿಸಬೇಕು. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಅಪಾಯವನ್ನು ತಪ್ಪಿಸುವ ಇನ್ನೊಂದು ಕೆಲಸವಿಲ್ಲ.

ಬ್ರೇಕ್ ಪ್ಯಾಡಿನ ಉಜ್ಜು ಪದರ ಅದರ ಹಿಂಬದಿಯ ಉಕ್ಕಿನ ತಗಡಿನಷ್ಟು ತೆಳುವಾಗಿದ್ದರೆ ಅದನ್ನು ಟ್ರ್ಯಾಕಿಗೆ ಒಯ್ಯಬಾರದು. ಪದರ ತೆಳುವಾದಷ್ಟೂ ಶಾಖ ಸುಲಭವಾಗಿ ದ್ರವಕ್ಕೆ ತಲುಪುತ್ತದೆ. ಹೊಸ ಪ್ಯಾಡುಗಳನ್ನು ಮೊದಲ ದಿನವೇ ಪೂರ್ಣ ಬಲದಲ್ಲಿ ಬಳಸದೆ, ಹಂತ ಹಂತವಾಗಿ ಬಿಸಿಮಾಡಿ ಡಿಸ್ಕಿಗೆ ಒಗ್ಗಿಸಬೇಕು.

ಎರಡನೆಯದು ಶೈತ್ಯಕಾರಕ ದ್ರವ. ಎಲೀಸ್‌ನಲ್ಲಿ ರೇಡಿಯೇಟರ್ ಮುಂಭಾಗದಲ್ಲಿದೆ, ಎಂಜಿನ್ ಚಾಲಕನ ಬೆನ್ನ ಹಿಂದಿದೆ. ನೀರು ಕಾರಿನ ಉದ್ದಕ್ಕೂ ಕೊಳವೆಗಳಲ್ಲಿ ಹೋಗಿಬರಬೇಕು. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ನಿನ ಒಂದು ಭಾಗ ಅತಿಯಾಗಿ ಕಾಯುತ್ತದೆ. ರೋವರ್ ಎಂಜಿನ್ ಹಗುರವಾದುದು, ಅದರಲ್ಲಿ ಹಿಡಿಯುವ ನೀರೂ ಕಡಿಮೆ. ಹೆಡ್ ಗ್ಯಾಸ್ಕೆಟ್ ಅದರ ಸರ್ವವಿದಿತ ದುರ್ಬಲ ಸ್ಥಾನ. ಎಂಜಿನ್ ತಣ್ಣಗಿದ್ದಾಗ ದ್ರವದ ಮಟ್ಟವನ್ನು ನೋಡುವುದು, ಮಟ್ಟ ಸ್ವಲ್ಪ ಇಳಿದಿದ್ದರೂ ಕಾರಣ ಹುಡುಕದೆ ಬಿಡದಿರುವುದು, ಎಂಜಿನ್ ಪೂರ್ಣ ಬಿಸಿಯಾಗುವ ಮುನ್ನ ಜೋರಾಗಿ ಓಡಿಸದಿರುವುದು, ಈ ಮೂರು ಶಿಸ್ತುಗಳು ದೊಡ್ಡ ದುರಸ್ತಿಯನ್ನು ತಪ್ಪಿಸುತ್ತವೆ. ಎಲೀಸ್‌ನ ರೇಡಿಯೇಟರ್ ಬದಲಿಸಲು ಮುಂಭಾಗದ ಇಡೀ ಫೈಬರ್ ಹೊದಿಕೆಯನ್ನು ಬಿಚ್ಚಬೇಕು. ಕೂಲಿಯೇ ಪ್ರಧಾನವಾದ ಇಂತಹ ಕೆಲಸದಲ್ಲಿ, ಹೊದಿಕೆ ತೆರೆದಾಗಲೇ ಅಲ್ಲಿನ ಕೊಳವೆ, ಕ್ಲಿಪ್ಪು, ಫ್ಯಾನುಗಳನ್ನೂ ಪರೀಕ್ಷಿಸಿ ಬದಲಿಸುವುದು ಮಿತವ್ಯಯ.

ಮೂರನೆಯದು ಎಂಜಿನ್ ಎಣ್ಣೆ. ಅಂಟುವ ಟೈರುಗಳೊಡನೆ ಉದ್ದನೆಯ ತಿರುವುಗಳಲ್ಲಿ ಸಾಗುವಾಗ ಎಣ್ಣೆ ಒಂದು ಬದಿಗೆ ಸರಿದು ಪಂಪಿಗೆ ದೊರೆಯದೇ ಹೋಗಬಹುದು. ಒಂದು ಕ್ಷಣದ ಕೊರತೆಯೂ ಬೇರಿಂಗುಗಳನ್ನು ಹಾಳುಮಾಡಬಲ್ಲದು. ಆದುದರಿಂದ ಎಣ್ಣೆಯನ್ನು ಗರಿಷ್ಠ ಗುರುತಿನ ಸಮೀಪದಲ್ಲಿಯೇ ಇರಿಸಬೇಕು. ಪದೇ ಪದೇ ಟ್ರ್ಯಾಕಿಗೆ ಹೋಗುವವರು ತಡೆಗೋಡೆಗಳಿರುವ ಎಣ್ಣೆ ತೊಟ್ಟಿಯನ್ನು ಹಾಕಿಸುವುದು ರೂಢಿ. ಇಂಧನದ ಮಟ್ಟಕ್ಕೂ ಇದೇ ನಿಯಮ: ಟ್ಯಾಂಕ್ ಬರಿದಾಗುತ್ತ ಬಂದಂತೆ ತಿರುವಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ.

ನಾಲ್ಕನೆಯದು ಕೀಲುಗಳು ಮತ್ತು ಬೋಲ್ಟುಗಳು. ಹಿಂಚಕ್ರಗಳ ದಿಕ್ಕನ್ನು ಹಿಡಿದಿಡುವ ಟೋ-ಲಿಂಕ್ ಎಂಬ ಸಣ್ಣ ದಂಡದ ಕೀಲಿನ ಬಗ್ಗೆ ಎಲೀಸ್ ಮಾಲೀಕರು ವಿಶೇಷ ಎಚ್ಚರ ವಹಿಸುತ್ತಾರೆ. ಅದು ಸಡಿಲವಾದರೆ ಹಿಂಚಕ್ರ ತಾನಾಗಿಯೇ ತಿರುಗಿದಂತಾಗಿ ಕಾರು ಹಿಡಿತಕ್ಕೆ ಸಿಗುವುದಿಲ್ಲ. ಎರಡೂ ಬದಿಯಿಂದ ಆಧಾರ ಕೊಡುವ ಬಲಿಷ್ಠ ಜೋಡಣೆಗಳು ದೊರೆಯುತ್ತವೆ. ಚಕ್ರದ ಬೋಲ್ಟುಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು, ಮೊದಲ ಓಟದ ನಂತರ ಮತ್ತೆ ಪರೀಕ್ಷಿಸಬೇಕು. ಬಿಗಿದ ಬೋಲ್ಟಿನ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆ ಎಳೆದರೆ, ಅದು ಅಲುಗಿದುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಅಂಟಿನಿಂದ ಜೋಡಿಸಿದ ಅಲ್ಯುಮಿನಿಯಂ ಚಾಸಿಗೆ ಬಲವಾದ ಪೆಟ್ಟು ಬಿದ್ದರೆ ಉಕ್ಕಿನ ಚಾಸಿಯಂತೆ ಬಗ್ಗಿಸಿ, ಬೆಸೆದು ಸರಿಪಡಿಸಲಾಗದು. ಇಡೀ ಚಾಸಿಯನ್ನೇ ಬದಲಿಸಬೇಕಾದ ಪ್ರಸಂಗ ಬರುತ್ತದೆ. ಅಗ್ಗದ ಕೀಲೊಂದು ಸೋತಾಗ ಪಣಕ್ಕೊಡ್ಡಿದ ಮೊತ್ತ ಇಡೀ ಕಾರಿನದು. ಅದಕ್ಕಿಂತ ಮೊದಲು ಚಾಲಕನ ಜೀವದ್ದು.

ಹೊಂದಾಣಿಕೆ: ಅಳತೆಯಿಂದ ಆರಂಭ

ಕಾರನ್ನು ಟ್ರ್ಯಾಕಿಗೆ ಹೊಂದಿಸುವ ಕೆಲಸದಲ್ಲಿ ಕ್ರಮ ಮುಖ್ಯ. ಸವೆದ ಬುಷ್, ಸಡಿಲ ಬೇರಿಂಗ್, ಸೋರುವ ಡ್ಯಾಂಪರ್ ಇರುವ ಕಾರನ್ನು ಹೊಂದಿಸುವುದು ವ್ಯರ್ಥ. ಮೊದಲು ದುರಸ್ತಿ, ಆಮೇಲೆ ಟೈರಿನ ಒತ್ತಡ, ಅನಂತರ ಚಕ್ರಗಳ ಕೋನ, ಕೊನೆಗೆ ತೂಕದ ಹಂಚಿಕೆ ಮತ್ತು ಡ್ಯಾಂಪರ್.

ಟೈರಿನ ಒತ್ತಡ ಬಿಸಿಯೊಡನೆ ಏರುತ್ತದೆ. 20 ಡಿಗ್ರಿಯಲ್ಲಿ 24 ಪಿ.ಎಸ್.ಐ. ತುಂಬಿದ ಟೈರಿನೊಳಗಿನ ಗಾಳಿ 60 ಡಿಗ್ರಿಗೆ ಕಾದಾಗ ಒತ್ತಡ ಸುಮಾರು 29 ಪಿ.ಎಸ್.ಐ. ಆಗುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಬಿಸಿಯಾದಾಗಿನ ಒತ್ತಡ. ಓಟ ಮುಗಿಸಿ ಬಂದ ಕೂಡಲೇ ಅಳೆದು, ಹೆಚ್ಚಿದ್ದರೆ ಗಾಳಿ ಬಿಡಬೇಕು. ಸಂಜೆ ಮನೆಗೆ ಹೊರಡುವ ಮುನ್ನ ಮತ್ತೆ ರಸ್ತೆಯ ಮಟ್ಟಕ್ಕೆ ತುಂಬಬೇಕು. ಟೈರಿನ ಒಳ ಅಂಚು, ಮಧ್ಯ, ಹೊರ ಅಂಚು ಈ ಮೂರು ಕಡೆ ಸೂಜಿ ಮೊನೆಯ ತಾಪಮಾಪಕದಿಂದ ಅಳೆದರೆ ಇನ್ನಷ್ಟು ತಿಳಿಯುತ್ತದೆ. ಮಧ್ಯಭಾಗ ಹೆಚ್ಚು ಬಿಸಿಯಿದ್ದರೆ ಒತ್ತಡ ಹೆಚ್ಚಾಗಿದೆ. ಎರಡೂ ಅಂಚುಗಳು ಬಿಸಿಯಿದ್ದರೆ ಒತ್ತಡ ಕಡಿಮೆಯಾಗಿದೆ. ಹೊರ ಅಂಚು ಮಾತ್ರ ಬಿಸಿಯಿದ್ದರೆ ಚಕ್ರದ ಮೇಲ್ಭಾಗ ಒಳಕ್ಕೆ ಇನ್ನಷ್ಟು ಓರೆಯಾಗಬೇಕು.

ಈ ಓರೆಗೆ ಕ್ಯಾಂಬರ್ ಎಂದು ಹೆಸರು. ತಿರುವಿನಲ್ಲಿ ಕಾರು ಹೊರಬದಿಗೆ ವಾಲುವುದರಿಂದ, ಮೊದಲೇ ಒಳಕ್ಕೆ ಓರೆಯಾಗಿರುವ ಚಕ್ರ ಆಗ ನೆಲಕ್ಕೆ ಸಮನಾಗಿ ಕೂರುತ್ತದೆ. ಎಲೀಸ್‌ನಲ್ಲಿ ಷಿಮ್ ಎಂಬ ತೆಳು ಲೋಹದ ಹಲ್ಲೆಗಳನ್ನು ತೆಗೆದು ಅಥವಾ ಸೇರಿಸಿ ಇದನ್ನು ಸರಿಪಡಿಸುತ್ತಾರೆ. ಚಕ್ರಗಳ ಮುಂಭಾಗಗಳು ಪರಸ್ಪರ ಹತ್ತಿರವಾಗಿರುವುದು ಅಥವಾ ದೂರವಾಗಿರುವುದು ಟೋ ಎನಿಸುತ್ತದೆ. ಹಿಂಚಕ್ರಗಳಿಗೆ ಸ್ವಲ್ಪ ಒಳಮುಖದ ಟೋ ಇದ್ದರೆ ಕಾರು ಸ್ಥಿರವಾಗಿರುತ್ತದೆ. ಎಂಜಿನ್ ಮಧ್ಯದಲ್ಲಿರುವ ಈ ಕಾರಿನಲ್ಲಿ, ತಿರುವಿನ ನಡುವೆ ದಿಢೀರನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರುವ ಪ್ರವೃತ್ತಿ ಇರುವುದರಿಂದ, ಹಿಂದಿನ ಟೋ ವಿಷಯದಲ್ಲಿ ಮಿಲಿಮೀಟರಿನ ಅಂಶವೂ ಗಣನೀಯ.

ತೂಕದ ಹಂಚಿಕೆಯ ಲೆಕ್ಕ ವಾಣಿಜ್ಯ ಓದುಗರಿಗೆ ತಾಳೆಪಟ್ಟಿಯನ್ನು ನೆನಪಿಸುವಂತಹುದು. ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಗಳ ಕೆಳಗೂ ತೂಕದ ಯಂತ್ರವಿಟ್ಟು, ಚಾಲಕನನ್ನು ಅಥವಾ ಅವನಷ್ಟೇ ಭಾರವನ್ನು ಆಸನದಲ್ಲಿ ಕೂರಿಸಿ, ಆಂಟಿ-ರೋಲ್ ಬಾರ್‌ನ ಕೊಂಡಿ ಬಿಡಿಸಿ ಅಳೆಯಬೇಕು. ಉದಾಹರಣೆಗೆ ಅಂಕಿಗಳು ಹೀಗಿವೆ ಎಂದುಕೊಳ್ಳೋಣ: ಮುಂದೆ ಎಡ 135, ಮುಂದೆ ಬಲ 165, ಹಿಂದೆ ಎಡ 258, ಹಿಂದೆ ಬಲ 242, ಒಟ್ಟು 800 ಕಿ.ಗ್ರಾಂ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ 423. ಇನ್ನೊಂದು ಕರ್ಣದ ಮೊತ್ತ 377. ಇಂತಹ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಬ್ರೇಕ್ ಹಾಕಿದಾಗ ಹಗುರವಾದ ಮುಂಚಕ್ರ ಬೇಗ ಜಾರುತ್ತದೆ.

ಎತ್ತರ ಹೊಂದಿಸಬಲ್ಲ ಡ್ಯಾಂಪರುಗಳಿರುವ ಕಾರಿನಲ್ಲಿ, ಮುಂದಿನ ಎಡ ಮತ್ತು ಹಿಂದಿನ ಬಲ ಸ್ಪ್ರಿಂಗುಗಳ ಪೀಠವನ್ನು ಸ್ವಲ್ಪ ಏರಿಸಿ, ಉಳಿದೆರಡನ್ನು ಸ್ವಲ್ಪ ಇಳಿಸಿದರೆ ಅಂಕಿಗಳು 146.5, 153.5, 246.5, 253.5 ಎಂದಾಗಿ ಎರಡೂ ಕರ್ಣಗಳು 400ಕ್ಕೆ ಸಮನಾಗುತ್ತವೆ. ಇಲ್ಲಿ ಗಮನಿಸಬೇಕಾದುದೆಂದರೆ, ಮುಂದಿನ ಮೊತ್ತ 300, ಹಿಂದಿನ ಮೊತ್ತ 500, ಎಡಬದಿ 393, ಬಲಬದಿ 407 ಇವು ಹೊಂದಾಣಿಕೆಗೆ ಮುನ್ನವೂ ಅಷ್ಟೇ, ನಂತರವೂ ಅಷ್ಟೇ. ಸ್ಪ್ರಿಂಗ್ ತಿರುಗಿಸುವುದರಿಂದ ಭಾರ ಕರ್ಣದಿಂದ ಕರ್ಣಕ್ಕೆ ವರ್ಗವಾಗುತ್ತದೆಯೇ ವಿನಾ ಬದಿಯಿಂದ ಬದಿಗೆ ಹೋಗುವುದಿಲ್ಲ. ಬದಿಗಳ ಮೊತ್ತ ಬದಲಾಗಬೇಕಾದರೆ ಬ್ಯಾಟರಿಯಂತಹ ಭಾರವಾದ ವಸ್ತುವನ್ನೇ ಸ್ಥಳಾಂತರಿಸಬೇಕು. ಈ ಮೊತ್ತಗಳು ಗಣನೀಯವಾಗಿ ಬದಲಾಗಿ ಕಂಡರೆ ಅಳತೆಯಲ್ಲಿಯೇ ದೋಷವಿದೆ ಎಂದು ತಿಳಿಯಬೇಕು.

ಎಲ್ಲ ಹೊಂದಾಣಿಕೆಗಳಿಗೂ ಅನ್ವಯಿಸುವ ನಿಯಮವೊಂದಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಒತ್ತಡ, ಕ್ಯಾಂಬರ್, ಡ್ಯಾಂಪರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸುಧಾರಣೆಯಾದರೂ ಕಾರಣ ತಿಳಿಯದು, ಹದಗೆಟ್ಟರೂ ತಿಳಿಯದು.

ಟ್ರ್ಯಾಕಿನ ದಿನದಂದು

ಕಾರಿನೊಳಗಿನ ಸಡಿಲ ವಸ್ತುಗಳನ್ನೆಲ್ಲ ತೆಗೆದಿರಿಸುವುದು, ಎಳೆಯುವ ಕೊಂಡಿಯನ್ನು ಅಳವಡಿಸುವುದು, ದ್ರವಗಳ ಮಟ್ಟ ನೋಡುವುದು ಬೆಳಗಿನ ಕೆಲಸ. ಅನೇಕ ಟ್ರ್ಯಾಕುಗಳಲ್ಲಿ ನಿಂತ ಕಾರಿನ ಶಬ್ದಕ್ಕೆ ಅರ್ಧ ಮೀಟರ್ ದೂರದಲ್ಲಿ 105 ಡೆಸಿಬೆಲ್ ಮಿತಿಯಿರುತ್ತದೆ. ಮೀರಿದ ಕಾರಿಗೆ ಪ್ರವೇಶವಿಲ್ಲ. ಪ್ರತಿ ಓಟವನ್ನು ಹದಿನೈದು ಇಪ್ಪತ್ತು ನಿಮಿಷಗಳಿಗೆ ಸೀಮಿತಗೊಳಿಸುವುದು ಕಾರಿಗೂ ಚಾಲಕನಿಗೂ ಹಿತ. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಸಾಗಿ ಎಲ್ಲವನ್ನೂ ತಣಿಸಬೇಕು. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಯೇ ಬಿಡಬೇಕು; ಕಾದ ಡಿಸ್ಕಿಗೆ ಪ್ಯಾಡನ್ನು ಒತ್ತಿಟ್ಟರೆ ಎರಡೂ ಹಾಳಾಗುತ್ತವೆ.

ವಿಮೆಯ ವಿಷಯದಲ್ಲಿ ಓದುಗರು ವಿಶೇಷ ಎಚ್ಚರ ವಹಿಸಬೇಕು. ಬ್ರಿಟನ್ನಿನ ಸಾಮಾನ್ಯ ವಾಹನ ವಿಮೆಗಳು ಬಹುಪಾಲು ಟ್ರ್ಯಾಕ್ ಡೇ ಹಾನಿಯನ್ನು ಭರಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ನಮ್ಮ ದೇಶದ ಖಾಸಗಿ ಕಾರು ಪಾಲಿಸಿಯಲ್ಲಿಯೂ ಬಳಕೆಯ ಮಿತಿಗಳೆಂಬ ಷರತ್ತಿನಡಿ ಸಂಘಟಿತ ರೇಸ್, ವೇಗ ಪರೀಕ್ಷೆ ಮುಂತಾದವು ಹೊರಗಿಡಲ್ಪಟ್ಟಿವೆ. ವಿಮೆಯಿಲ್ಲದೆ ಟ್ರ್ಯಾಕಿಗಿಳಿಯುವವನು ಕಾರಿನ ಪೂರ್ಣ ಬೆಲೆಯ ನಷ್ಟಕ್ಕೆ ತಾನೇ ಹೊಣೆಗಾರನೆಂದು ಅರಿತಿರಬೇಕು.

ದಾಖಲೆ ಪುಸ್ತಕವೇ ಆಸ್ತಿ

ದಿನಾಂಕ, ಟ್ರ್ಯಾಕ್, ಹವೆಯ ಉಷ್ಣತೆ, ಓಡಿದ ಸುತ್ತುಗಳು, ಟೈರುಗಳ ತಣ್ಣನೆಯ ಹಾಗೂ ಬಿಸಿ ಒತ್ತಡ, ಪ್ಯಾಡುಗಳ ದಪ್ಪ, ಸೇರಿಸಿದ ಎಣ್ಣೆ, ಮಾಡಿದ ಬದಲಾವಣೆ ಮತ್ತು ಅದರ ಪರಿಣಾಮ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹತ್ತು ನಿಮಿಷ ಸಾಕು. ಎರಡು ಮೂರು ದಿನಗಳ ದಾಖಲೆಯಿಂದಲೇ ಪ್ಯಾಡು ದಿನಕ್ಕೆ ಎಷ್ಟು ಮಿಲಿಮೀಟರ್ ಸವೆಯುತ್ತದೆ, ಟೈರು ಇನ್ನೆಷ್ಟು ಸುತ್ತು ಬಾಳುತ್ತದೆ ಎಂದು ಮುಂದಾಗಿ ಹೇಳಬಹುದು. ಎಂದೂ ಎಣ್ಣೆ ಕೇಳದಿದ್ದ ಎಂಜಿನ್ ಈ ಸಲ ಅರ್ಧ ಲೀಟರ್ ಕುಡಿದಿದ್ದರೆ, ಅದು ಮುಂದಿನ ಓಟದ ಮೊದಲೇ ಎಚ್ಚರಿಕೆಯಾಗುತ್ತದೆ. ಹಳೆಯ ಕಾರು ಕೊಳ್ಳುವವರೂ ಹೊಳಪಿಗಿಂತ ಇಂತಹ ದಾಖಲೆಗಳಿಗೆ ಹೆಚ್ಚು ಬೆಲೆ ಕಟ್ಟುತ್ತಾರೆ.

ತಯಾರಕ ನಿರ್ಗಮಿಸಿದ ಮೇಲೆ

ಎಲೀಸ್‌ನ ಮೂಲ ಎಂಜಿನ್ ಒದಗಿಸಿದ ಎಂ.ಜಿ. ರೋವರ್ ಸಂಸ್ಥೆ 2005ರ ಏಪ್ರಿಲ್‌ನಲ್ಲಿ ಕುಸಿಯಿತು. ಎಲೀಸ್ ಉತ್ಪಾದನೆಯೇ 2021ರಲ್ಲಿ ಕೊನೆಗೊಂಡಿತು. ಲೋಟಸ್ ನಂತರ ತಂದ ಎಮಿರಾ ಸುಮಾರು 1,400 ಕಿ.ಗ್ರಾಂ. ತೂಗುತ್ತದೆ. ಹಗುರ ಸ್ಪೋರ್ಟ್ಸ್ ಕಾರುಗಳ ಅಚ್ಚುಮೆಚ್ಚಿನ ಏವನ್ ಟೈರುಗಳನ್ನು ತಯಾರಿಸುತ್ತಿದ್ದ ಮೆಲ್ಕ್‌ಷಾಮ್‌ನ ಕಾರ್ಖಾನೆ 2023ರ ಕೊನೆಯಲ್ಲಿ ಮುಚ್ಚಿತು. ಇಷ್ಟಾದರೂ ಎಲೀಸ್‌ಗಳು ಓಡುತ್ತಿವೆ. ಸುಧಾರಿತ ಗ್ಯಾಸ್ಕೆಟ್, ಬಲಪಡಿಸಿದ ಟೋ-ಲಿಂಕ್, ಅಲ್ಯುಮಿನಿಯಂ ರೇಡಿಯೇಟರ್, ತಡೆಗೋಡೆಯ ಎಣ್ಣೆ ತೊಟ್ಟಿ ಇವುಗಳನ್ನು ಒದಗಿಸುವ ಸಣ್ಣ ಸಣ್ಣ ಕಾರ್ಯಾಗಾರಗಳು ಬ್ರಿಟನ್ನಿನಲ್ಲಿವೆ. ದೊಡ್ಡ ತಯಾರಕನ ಮೂಲ ಭಾಗದ ದುರ್ಬಲ ಸ್ಥಾನವನ್ನು ಬಳಕೆದಾರರ ದಾಖಲೆಗಳಿಂದ ಗುರುತಿಸಿ, ಅದಕ್ಕೆ ಉತ್ತಮ ಬದಲಿ ತಯಾರಿಸುವುದು ಸಣ್ಣ ಉದ್ಯಮಕ್ಕೆ ಎಂದಿಗೂ ತೆರೆದಿರುವ ಕ್ಷೇತ್ರ.

ಭಾರತದಲ್ಲಿ ಟ್ರ್ಯಾಕುಗಳು ಕೆಲವೇ. ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿರುವ 3.7 ಕಿ.ಮೀ. ಉದ್ದದ ಟ್ರ್ಯಾಕ್ 1990ರಲ್ಲಿ ಆರಂಭವಾಯಿತು. ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಟ್ರ್ಯಾಕಿಗೆ ಎಸ್. ಕರಿವರ್ಧನ್ ಅವರ ಹೆಸರಿದೆ. ಮಾರುತಿ ಎಂಜಿನ್ ಅಳವಡಿಸಿದ ಹಗುರ ಏಕಾಸನ ರೇಸ್ ಕಾರನ್ನು ನಮ್ಮಲ್ಲಿಯೇ ರೂಪಿಸಿದವರು ಅವರು. ಮುಂದೆ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಆರಂಭದಲ್ಲಿ ಓಡಿಸಿದ್ದು ಆ ಫಾರ್ಮುಲಾ ಮಾರುತಿಯನ್ನೇ. ಸಣ್ಣ ಎಂಜಿನ್, ಕಡಿಮೆ ತೂಕ, ಕೈಗೆಟುಕುವ ಖರ್ಚು ಎಂಬ ಸೂತ್ರ ನಮ್ಮ ನೆಲಕ್ಕೂ ಹೊಸದಲ್ಲ. ದ್ರವದ ಕುದಿಬಿಂದು, ಟೈರಿನ ತಾಪ, ಬೋಲ್ಟಿನ ಬಿಗಿತಗಳ ನಿಯಮ ಸಾಧಾರಣ ಹ್ಯಾಚ್‌ಬ್ಯಾಕ್ ಕಾರಿಗೂ ಅಷ್ಟೇ ಅನ್ವಯಿಸುತ್ತದೆ.

ಯಂತ್ರೋಪಕರಣಗಳನ್ನು ಅವುಗಳ ಸಾಮರ್ಥ್ಯದ ಅಂಚಿನಲ್ಲಿ ದುಡಿಸುವ ಯಾವುದೇ ಉದ್ಯಮಕ್ಕೂ ಇದರಲ್ಲಿ ಪಾಠವಿದೆ. ಹೆಚ್ಚುವರಿ ಸಾಮರ್ಥ್ಯವನ್ನು ಕಡಿತಗೊಳಿಸಿ ಉಳಿಸಿದ ಹಣದ ಒಂದು ಪಾಲನ್ನು ತಪಾಸಣೆಗೆ ವಿನಿಯೋಗಿಸದೆ ಹೋದರೆ, ಆ ಉಳಿತಾಯ ಮುಂದೂಡಿದ ನಷ್ಟವಾಗಿ ಪರಿಣಮಿಸುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸಿದ ಬ್ರೇಕ್ ದ್ರವ, ಓಟದ ನಡುವೆ ಮತ್ತೊಮ್ಮೆ ಬಿಗಿದ ಚಕ್ರದ ಬೋಲ್ಟು, ಸಂಜೆ ಬರೆದಿಟ್ಟ ಹತ್ತು ಸಾಲುಗಳು, ಇವು ಹಗುರ ಕಾರಿನ ಮಾಲೀಕನು ಕಟ್ಟುವ ಅತ್ಯಂತ ಕಡಿಮೆ ಕಂತಿನ ವಿಮೆ.